ಕಾಯಿಸಿದರೆ ಸಾಕೇ?

ಪ್ರಶ್ನೆ: ನಮ್ಮ ಅತ್ತೆಯವರು ಇಲ್ಲಿನ ಒಂದು ವೃದ್ಧರ ಶುಶ್ರೂಷಾ ಕೇಂದ್ರದಲ್ಲಿದ್ದಾರೆ. ಅಡುಗೆಮನೆ ಥಳಥಳ ಹೊಳೆಯುತ್ತದೆ. ಆದರೆ ಬೆಳಿಗ್ಗೆ ಮಾಡಿದ ಅನ್ನ, ಸಾರನ್ನೇ ರಾತ್ರಿಯೂ ಬಡಿಸುತ್ತಾರೆ. ಅವರಿಗೆ ಆಗಾಗ ವಾಂತಿಯಾಗುತ್ತಿದೆ. ಕೇಳಿದರೆ ‘ಚೆನ್ನಾಗಿ ಕಾಯಿಸಿಯೇ ಕೊಡುತ್ತೇವೆ’ ಎನ್ನುತ್ತಾರೆ. ಏನು ಮಾಡಬೇಕು?
– ಓದುಗರೊಬ್ಬರು, ಕೋಥರೂಡ್, ಪುಣೆ

ಉತ್ತರ: ಮೊದಲು ಅತ್ತೆಯವರನ್ನು ವೈದ್ಯರಿಗೆ ತೋರಿಸಿ; ವಾಂತಿಗೆ ಔಷಧಗಳೂ ಕಾರಣವಾಗಿರಬಹುದು, ಮತ್ತು ಇಳಿವಯಸ್ಸಿನಲ್ಲಿ ದೇಹದ ನೀರು ಬೇಗ ಕಡಿಮೆಯಾಗುತ್ತದೆ.

ಇನ್ನು ಅಡುಗೆಮನೆಯ ವಿಷಯ. ಹೊಳೆಯುವ ನೆಲಕ್ಕಿಂತ, ಒಲೆಯಿಂದ ಇಳಿಸಿದ ಪಾತ್ರೆ ಎಷ್ಟು ಹೊತ್ತು ಹಾಗೆಯೇ ಕುಳಿತಿತ್ತು ಎಂಬುದು ಮುಖ್ಯ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು, ಅಂದರೆ ಗಟ್ಟಿ ಕವಚದೊಳಗೆ ಸುಪ್ತವಾಗಿರುವ ರೂಪಗಳು, ಇರುತ್ತವೆ. ಅವು ಅನ್ನ ಬೆಂದರೂ ಸಾಯುವುದಿಲ್ಲ. ಉಗುರುಬೆಚ್ಚಗಿನ ಅನ್ನದಲ್ಲಿ ಅವು ಮೊಳೆತು ಬೆಳೆದು, ವಾಂತಿ ತರಿಸುವ ವಿಷವನ್ನು ಬಿಡುತ್ತವೆ, ಮತ್ತು ಆ ವಿಷ ಮತ್ತೆ ಕಾಯಿಸಿದರೂ ನಾಶವಾಗುವುದಿಲ್ಲ. ಆದ್ದರಿಂದ ಅವರು ಕೊಟ್ಟ ಸಮಾಧಾನ ಪೂರ್ತಿ ನಂಬುವಂಥದ್ದಲ್ಲ. ಬಿಸಿಯಾಗಿ ಬಡಿಸುವ ಆಹಾರ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆಯೇ ಇರಬೇಕು. ಎತ್ತಿಡುವುದಾದರೆ ಅಗಲವಾದ ತಟ್ಟೆಗಳಲ್ಲಿ ತೆಳುವಾಗಿ ಹರಡಿ, ಬೇಗ ಆರಿಸಿ, 5 ಡಿಗ್ರಿಗಿಂತ ಕೆಳಗೆ ಫ್ರಿಜ್‌ನಲ್ಲಿಡಬೇಕು. ದೊಡ್ಡ ಪಾತೇಲಿಯ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಉಳಿಯುತ್ತದೆ. ನಮ್ಮ ಮನೆಗಳ ತಂಗಳನ್ನದ ರೂಢಿಯನ್ನು ಐವತ್ತು ಜನರ ಅಡುಗೆಗೆ ಹೊಂದಿಸುವುದು ಸರಿಯಲ್ಲ.

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಲಾಭಕ್ಕಾಗಿ ನಡೆಯದ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ಸೇವಾಸಂಸ್ಥೆ ಎಂಬ ವಿನಾಯಿತಿ ಅದರಲ್ಲಿಲ್ಲ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಗಳ ಪರವಾನಗಿ ಅಥವಾ ನೋಂದಣಿ ಸಂಖ್ಯೆ ಗೋಡೆಯ ಮೇಲೆ ಕಾಣುವಂತಿದೆಯೇ, ಅಡುಗೆಯವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ನಡೆಯುತ್ತದೆಯೇ ಎಂದು ವ್ಯವಸ್ಥಾಪಕರನ್ನು ಸೌಮ್ಯವಾಗಿಯೇ, ಆದರೆ ಬರಹದಲ್ಲಿ ಕೇಳಿ. ಅತ್ತೆಯವರು ಅಲ್ಲಿಯೇ ಇರಬೇಕಾದವರಾದ್ದರಿಂದ ಮೊದಲ ದಿನವೇ ಜಗಳಕ್ಕಿಳಿಯುವುದು ಬೇಡ. ಉತ್ತರ ಬಾರದಿದ್ದರೆ ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತದ (ಎಫ್‌ಡಿಎ) ಪುಣೆ ಕಚೇರಿಗೆ, ಅಥವಾ ಎಫ್‌ಎಸ್‌ಎಸ್‌ಎಐನ ದೂರು ಆ್ಯಪ್ ‘ಫುಡ್ ಸೇಫ್ಟಿ ಕನೆಕ್ಟ್’ ಮೂಲಕ ದೂರು ಸಲ್ಲಿಸಿ. ದೂರಿನಲ್ಲಿ ಊಟದ ಹೊತ್ತು, ವಾಂತಿ ಆರಂಭವಾದ ಹೊತ್ತು, ಅದೇ ದಿನ ಬೇರೆ ಯಾರಿಗಾದರೂ ಹಾಗಾಯಿತೇ ಎಂಬುದನ್ನು ಬರೆಯಿರಿ: ಅನ್ನದ ವಿಷದಿಂದ ವಾಂತಿಯಾದರೆ ಅದು ಸಾಮಾನ್ಯವಾಗಿ ಊಟವಾದ ಆರು ಗಂಟೆಗಳೊಳಗೇ ಶುರುವಾಗುತ್ತದೆ.