ಲ್ಯಾಬ್ ಸೇರುವಾಗ ಪ್ರೊಫೆಸರ್ ಹೆಸರು ನೋಡಬೇಕಾ, ವಿಷಯ ನೋಡಬೇಕಾ?

ಎರಡು ಲ್ಯಾಬ್‌ಗಳಿಂದ ಕರೆ ಬಂದಿದೆ, ಎರಡೂ ಸಸ್ಯ ಪರಿಸರ ವಿಜ್ಞಾನ ಮತ್ತು ನಗರದ ಹಸಿರು ಮೂಲಸೌಕರ್ಯದ್ದೇ, ಒಂದರ ಪ್ರೊಫೆಸರ್ ದೊಡ್ಡ ಹೆಸರು, ಇನ್ನೊಂದರ ವಿಷಯ ಇಷ್ಟ ಅಂತ ಬರೆದಿದ್ದೀರಿ. ಪಿಎಚ್‌ಡಿಗೆ ಸೇರುವ ಮುಂಚೆ ನಾನೂ ಇದೇ ತೂಗುಯ್ಯಾಲೆಯಲ್ಲಿ ತಿಂಗಳುಗಟ್ಟಲೆ ಒದ್ದಾಡಿದ್ದೆ. ಕೊನೆಗೆ ವಿಷಯ ನೋಡಿಯೇ ಸೇರಿದೆ: ಛಾವಣಿ ಮೇಲಿನ ಹಸಿರು. ಲ್ಯಾಬಿನ ಸದಸ್ಯರ ಪಟ್ಟಿ ಕಣ್ಣೆದುರೇ ಇತ್ತು. ಪ್ರೊಫೆಸರ್, ಪೋಸ್ಟ್‌ಡಾಕ್ (ಪಿಎಚ್‌ಡಿ ಮುಗಿಸಿ ಬಂದ ಸಂಶೋಧಕರು), ಸಂಶೋಧನಾ ವಿದ್ಯಾರ್ಥಿಗಳು, ಇಷ್ಟು ಓದಿ ನಿಲ್ಲಿಸಿದೆ. ತೀರಾ ಕೆಳಗೆ, ಫೋಟೊ ಕೂಡ ಇಲ್ಲದೆ, ಟೆಕ್ನಿಷಿಯನ್ ಅಂತ ಒಬ್ಬರ ಹೆಸರಿತ್ತು. ಆ ಹೆಸರನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ನಾನು ಎರಡು ಬೇಸಿಗೆ ಕಳೆದುಕೊಂಡೆ.

ನನ್ನ ಪ್ರಶ್ನೆ ಸರಳವಾಗಿತ್ತು. ಛಾವಣಿ ಮೇಲೆ ಎಷ್ಟು ಆಳ ಮಣ್ಣು ಹಾಕಿದರೆ ಗಿಡ ಬೇಸಿಗೆ ದಾಟುತ್ತದೆ? ಮಣ್ಣು ಅಂದರೆ ಹೊಲದ ಮಣ್ಣಲ್ಲ. ಸುಟ್ಟು ಉಬ್ಬಿಸಿದ ಜೇಡಿಮಣ್ಣಿನ ಕಾಳು, ಇಟ್ಟಿಗೆ ಚೂರು, ಒಂದಿಷ್ಟು ಕಾಂಪೋಸ್ಟ್. ಕಟ್ಟಡಕ್ಕೆ ಭಾರ ಆಗಬಾರದು, ನೀರು ಬೇಗ ಬಸಿದು ಹೋಗಬೇಕು. 5, 10, 15 ಸೆಂಟಿಮೀಟರ್, ಹೀಗೆ ಮೂರು ಆಳ. ಒಂದೊಂದಕ್ಕೆ 12ರಂತೆ 36 ಟ್ರೇ. ಎಲ್ಲದರಲ್ಲೂ ಅದೇ ಸೀಡಮ್, ಅದೇ ಎರಡು ಜಾತಿ ಹುಲ್ಲು. ಸೀಡಮ್ ಅಂದರೆ ದಪ್ಪ ಎಲೆಯಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡ, ಗಟ್ಟಿ ಜೀವ. ನೀರು ಕಮ್ಮಿಯಾದಾಗ ಹಗಲು ಎಲೆಯ ರಂಧ್ರ ಮುಚ್ಚಿಕೊಂಡು ರಾತ್ರಿ ತೆರೆಯುತ್ತದೆ, 5 ಸೆಂಟಿಮೀಟರಿನಲ್ಲೂ ಬದುಕುತ್ತದೆ. ಹುಲ್ಲಿಗೆ ಆ ಉಪಾಯ ಗೊತ್ತಿಲ್ಲ. ಹಾಗಾಗಿ ನನ್ನ ಕಣ್ಣೆಲ್ಲ ಹುಲ್ಲಿನ ಮೇಲೆ.

ವಾರಕ್ಕೆರಡು ಸಲ ಬೆಳಿಗ್ಗೆ ಟ್ರೇ ತೂಗುತ್ತಿದ್ದೆವು. ಒಂದೊಂದೂ ಕಾಲು ಚದರ ಮೀಟರ್; ತೂಕ 250 ಗ್ರಾಂ ಇಳಿದರೆ 1 ಮಿಲಿಮೀಟರ್ ನೀರು ಗಾಳಿಗೆ ಹೋಯಿತು ಅಂತ ಲೆಕ್ಕ. ನೀರು ಕುಡಿದ 15 ಸೆಂಟಿಮೀಟರಿನ ಟ್ರೇ ಹತ್ತಿರ ಹತ್ತಿರ 50 ಕಿಲೋ ಇರುತ್ತದೆ. ಒಬ್ಬರಿಂದ ಏಳುವುದಿಲ್ಲ. ಆಚೆ ಬದಿ ಹಿಡಿಯುತ್ತಿದ್ದವರು ಆ ಟೆಕ್ನಿಷಿಯನ್.

ಈಗ ತಪ್ಪಿನ ವಿಷಯ. ಇದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ಮಾಡುವಾಗ ಅದು ತಪ್ಪು ಅನ್ನಿಸುವುದೇ ಇಲ್ಲ. ಭಾರದ್ದೆಲ್ಲ ಆದಷ್ಟು ಗೋಡೆ ಪಕ್ಕ ಇರಲಿ, ನಡುವೆ ಬೇಡ ಅಂತ ಕಟ್ಟಡದ ಎಂಜಿನಿಯರ್ ಹೇಳಿದ್ದರು. ನಾನು ಅದನ್ನು ಅಕ್ಷರಶಃ ತೆಗೆದುಕೊಂಡೆ. 15ರ ಹನ್ನೆರಡೂ ಟ್ರೇಗಳನ್ನು ಪಶ್ಚಿಮದ ಪ್ಯಾರಪೆಟ್ ಗೋಡೆಗೆ ಒತ್ತಿ ಸಾಲಾಗಿ ಇಟ್ಟೆ, ಅದರ ಮುಂದೆ 10ರ ಸಾಲು, ಬಯಲಲ್ಲಿ 5ರ ಸಾಲು. ನೋಡಲು ಚೆಂದ, ಗುರುತು ಹಿಡಿಯಲು ಸುಲಭ. ಇಡುತ್ತಿದ್ದ ದಿನವೇ ಆ ಟೆಕ್ನಿಷಿಯನ್ ಬಂದು, "ಹೀಗೆ ಸಾಲು ಕಟ್ಟಬೇಡಿ, ಕಲಸಿಬಿಡಿ. ಮೂರು ಗಂಟೆ ಮೇಲೆ ಆ ಗೋಡೆ ನೆರಳು ಬೀಳುತ್ತೆ" ಅಂದರು. ಎಂಜಿನಿಯರ್ ಮಾತು ಇದೆಯಲ್ಲ ಅಂದೆ. ಅವರು ಇನ್ನೇನೂ ಹೇಳಲಿಲ್ಲ. ನಲ್ಲಿ, ಪೈಪು, ಫಿಲ್ಟರ್ ಬಟ್ಟೆ ಇಷ್ಟೇ ಅವರ ಕೆಲಸ, ಪ್ರಯೋಗದ ವಿನ್ಯಾಸ ನನ್ನದು ಅಂತ ನಾನು ಗಟ್ಟಿಯಾಗಿ ನಂಬಿದ್ದೆ.

ಎರಡು ಬೇಸಿಗೆ ರೀಡಿಂಗ್ ತೆಗೆದೆ. 15ರಲ್ಲಿ ಹುಲ್ಲು ಹಸಿರೋ ಹಸಿರು, 5ರಲ್ಲಿ ಒಣಗಿ ಹಂಚಿಕಡ್ಡಿ. ಪೇಪರ್ ಬರೆದು ಕಳಿಸಿದೆ. ಪರಿಶೀಲಕರು ಕೇಳಿದ್ದು ಒಂದೇ ಪ್ರಶ್ನೆ: ಟ್ರೇಗಳನ್ನು ಹೇಗೆ ಜೋಡಿಸಿದ್ದಿರಿ?

ಅಲ್ಲಿಗೆ ಮುಗಿಯಿತು. ಹುಲ್ಲು ಉಳಿದಿದ್ದು ಆಳದಿಂದಲೋ ನೆರಳಿನಿಂದಲೋ? ಬಿಸಿಲಲ್ಲಿ ಒಂದೇ ಒಂದು 15ರ ಟ್ರೇ ಇರಲಿಲ್ಲ, ನೆರಳಲ್ಲಿ ಒಂದೇ ಒಂದು 5ರ ಟ್ರೇ ಇರಲಿಲ್ಲ. ಎರಡೂ ಒಟ್ಟಿಗೇ ಏರಿ ಒಟ್ಟಿಗೇ ಇಳಿದರೆ ಯಾವ ಸಂಖ್ಯಾಶಾಸ್ತ್ರವೂ ಅವನ್ನು ಬೇರ್ಪಡಿಸಿ ಕೊಡುವುದಿಲ್ಲ. ನಾನು ಹನ್ನೆರಡು ಹನ್ನೆರಡು ಅಂತ ಎಣಿಸಿಕೊಂಡಿದ್ದೆ, ನಿಜಕ್ಕೂ ನನ್ನ ಹತ್ತಿರ ಇದ್ದದ್ದು ಒಂದೊಂದು ಆಳಕ್ಕೆ ಒಂದೊಂದು ಜಾಗ. ಇದಕ್ಕೆ ಪರಿಸರ ವಿಜ್ಞಾನಿ ಸ್ಟುವರ್ಟ್ ಹರ್ಲ್‌ಬರ್ಟ್ 1984ರಲ್ಲಿ ಸ್ಯೂಡೋರೆಪ್ಲಿಕೇಶನ್, ಅಂದರೆ ಹುಸಿ ಪುನರಾವರ್ತನೆ, ಅಂತ ಹೆಸರಿಟ್ಟರು. ಅವರು ತೆಗೆದು ನೋಡಿದ 176 ಪ್ರಯೋಗಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚಿನವು ಈ ಗುಂಡಿಗೇ ಬಿದ್ದಿದ್ದವು. ಆ ಲೇಖನ ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ಟ್ರೇ ಇಡುವ ಹೊತ್ತಿಗೆ ಅದು ನೆನಪಾಗಲಿಲ್ಲ. ಆ ಗೋಡೆ ನೆರಳು ಕಂಡಿದ್ದು ಅದೇ ಛಾವಣಿಗೆ ವರ್ಷಾನುಗಟ್ಟಲೆ ಹತ್ತಿ ಇಳಿದವರಿಗೆ.

ಹೊಟ್ಟೆ ಉರಿಯುವುದು ಏನೆಂದರೆ, ಎಂಜಿನಿಯರ್ ಮಾತಿಗೂ ಕಲಸುವುದಕ್ಕೂ ಜಗಳವೇ ಇರಲಿಲ್ಲ. ಮೂರನೇ ವರ್ಷ ಅವರನ್ನು ಮತ್ತೆ ಕೇಳಿದಾಗ, ಒಂದು ಜಾಗದ ಮೇಲೆ ಒಟ್ಟು ಭಾರ ಎಷ್ಟು ಅನ್ನುವುದಷ್ಟೇ ಮುಖ್ಯ ಅಂದರು. ಒಂದೊಂದು ಆಳದ ಒಂದೊಂದು ಟ್ರೇ ಸೇರಿಸಿ ಮೂರರ ಗುಂಪು ಮಾಡಿದರೆ ಸರಾಸರಿ ಆಳ ಎಲ್ಲ ಕಡೆ 10. ಅದಕ್ಕೆ ಅವರು ಅಲ್ಲೇ ಒಪ್ಪಿದರು. ಹನ್ನೆರಡು ಗುಂಪು ಮಾಡಿ, ಗುಂಪಿನೊಳಗೆ ಯಾವುದು ಎಲ್ಲಿ ಅಂತ ಚೀಟಿ ಎತ್ತಿದೆವು. ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1920ರ ದಶಕದಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ ಹೊಲಗಳಿಗಾಗಿ ರೂಪಿಸಿಕೊಟ್ಟ ಕ್ರಮ, ಹೊಸದೇನಲ್ಲ. ಟ್ರೇ ನಂಬರನ್ನು ಮಾರ್ಕರ್‌ನಲ್ಲಿ ಬರೆಯಲು ಹೋದೆ, ಟೆಕ್ನಿಷಿಯನ್ ತಡೆದು ಪೆನ್ಸಿಲ್ ಕೊಟ್ಟರು. ಮಾರ್ಕರ್ ಬಿಸಿಲಿಗೆ ಅಳಿಸುತ್ತೆ, ಪೆನ್ಸಿಲ್ ನಿಲ್ಲುತ್ತೆ. ಆ ಬೇಸಿಗೆ ಗೋಡೆ ಪಕ್ಕದ 10 ಸೆಂಟಿಮೀಟರಿನ ಹುಲ್ಲು ಬಯಲಿನ 15ರಷ್ಟೇ ಹಸಿರಾಗಿತ್ತು. ಆಳ ಕೆಲಸ ಮಾಡುತ್ತದೆ ನಿಜ, ನೆರಳೂ ಅಷ್ಟೇ ಮಾಡುತ್ತದೆ. ನನ್ನ ಥೀಸಿಸ್‌ನಲ್ಲಿ ಹೇಳುವಂಥ ಮಾತು ಅಂತ ಇದ್ದರೆ ಅದೊಂದೇ, ಅದೂ ತಡವಾಗಿ ಸಿಕ್ಕಿದ್ದು. ಫೆಲೋಶಿಪ್ ಅಷ್ಟರಲ್ಲಿ ಮುಗಿದಿತ್ತು, ಕೊನೆಯ ವರ್ಷ ಪಾಠ ಹೇಳಿ ಕಳೆದೆ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಪ್ರೊಫೆಸರ್ ಎಷ್ಟು ದೊಡ್ಡವರಾದರೂ ನಿಮಗೆ ಸಿಗುವುದು ವಾರಕ್ಕೆ ಒಂದು ಗಂಟೆ. ವಿಷಯ ಮೊದಲ ವರ್ಷ ಕಳೆಯುವುದರೊಳಗೆ ಬದಲಾಗುತ್ತದೆ, ನನಗೆ ಗೊತ್ತಿರುವ ಎಲ್ಲರದ್ದೂ ಬದಲಾಯಿತು. ನೋಡಬೇಕಾದ್ದು ಟ್ರೇಯ ಆಚೆ ಬದಿ ಹಿಡಿಯುವವರು ಯಾರು ಅಂತ. ಛಾವಣಿ, ರಸ್ತೆ ಬದಿ ಮರ, ಮಳೆನೀರು ಇಂಗಿಸುವ ತೋಟ, ಇವುಗಳ ಮೇಲೆ ಕೆಲಸ ಮಾಡುವ ಲ್ಯಾಬಿನಲ್ಲಿ ಕಾಯಂ ಟೆಕ್ನಿಷಿಯನ್ ಒಬ್ಬರೂ ಇಲ್ಲ ಅಂದರೆ ಎಷ್ಟೇ ಹೆಸರಿದ್ದರೂ ಸೇರಬೇಡಿ. ವಿದ್ಯಾರ್ಥಿಗಳು ನಾಲ್ಕೈದು ವರ್ಷಕ್ಕೆ ಹೊರಡುತ್ತಾರೆ, ಪೋಸ್ಟ್‌ಡಾಕ್ ಎರಡು ವರ್ಷಕ್ಕೇ ಹೊರಡುತ್ತಾರೆ, ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ ಅನ್ನುವ ನೆನಪೂ ಅವರ ಜೊತೆಗೇ ಹೋಗುತ್ತದೆ. ಸೇರಿದ ಮೇಲೆ ಗಿಡ ನೆಡುವ ಮುಂಚೆ ವಿನ್ಯಾಸವನ್ನು ಒಂದು ಹಾಳೆಯಲ್ಲಿ ಬರೆದು ಲ್ಯಾಬಿನ ಎಲ್ಲರ ಮುಂದೆ ಇಡಿ, ಡಿಗ್ರಿ ಓದುತ್ತಾ ರಜೆಯಲ್ಲಿ ಕಳೆ ಕೀಳಲು ಬರುವ ಹುಡುಗರ ಮುಂದೆಯೂ.

ಹಣ, ಊರು, ಪೇಪರ್‌ಗಳ ಎಣಿಕೆ ಇದೆಲ್ಲ ನಿಮಗೇ ಗೊತ್ತಿರುತ್ತದೆ, ಅದಕ್ಕೆ ನಾನು ಕೈ ಹಾಕುವುದಿಲ್ಲ. ಎರಡೂ ಲ್ಯಾಬ್‌ಗೆ ಒಂದೊಂದು ದಿನ ಹೋಗಿ ಬನ್ನಿ. ಪ್ರೊಫೆಸರ್ ಕೋಣೆಯಲ್ಲಿ ಮಾತು ಮುಗಿದ ಮೇಲೆ ಛಾವಣಿ ನೋಡಬಹುದಾ ಅಂತ ಕೇಳಿ. ಟ್ರೇಗಳು ಸಾಲಾಗಿವೆಯೋ ಬೆರೆತಿವೆಯೋ ನೋಡಿ. ಬೆರೆತಿದ್ದರೆ, ಬೆರೆಸಿ ಅಂತ ಹೇಳಿದ್ದು ಯಾರು ಅಂತ ಕೇಳಿ, ಅವರ ಜೊತೆ ಅರ್ಧ ಗಂಟೆ ಕೂತು ಬನ್ನಿ.