ಕುಂಡದ ಮಣ್ಣು ಒದ್ದೆ ಇದ್ದರೂ ಟೊಮೇಟೊ ಗಿಡ ಬಾಡುವುದೇಕೆ?

ಮಣ್ಣಲ್ಲಿರುವ ನೀರೆಲ್ಲ ಗಿಡಕ್ಕೆ ದಕ್ಕುವುದಿಲ್ಲ. ದೊಡ್ಡ ಸಂದುಗಳ ನೀರು ಸುಮ್ನೆ ಕೆಳಗೆ ಇಳಿದುಹೋಗುತ್ತದೆ. ಸಣ್ಣ ಸಂದುಗಳಲ್ಲಿ ನಿಂತದ್ದನ್ನೇ ಬೇರು ಕುಡಿಯುವುದು. ಅದೂ ಮುಗಿದಾಗ, ಕಣಗಳಿಗೆ ತೆಳ್ಳಗೆ ಅಂಟಿದ ನೀರಷ್ಟೇ ಉಳಿಯುತ್ತದೆ. ಮಣ್ಣು ಅದನ್ನು ಸುಮಾರು 15 ಬಾರ್ (ಬಾರ್ ಅಂದರೆ ಒತ್ತಡದ ಅಳತೆ) ಬಲದಲ್ಲಿ ಹಿಡಿದುಕೊಂಡರೆ ಹೆಚ್ಚಿನ ಬೆಳೆಗಳು ಸೋಲುತ್ತವೆ. ಕಾರಿನ ಟೈರಿನಲ್ಲಿರುವುದು 2 ಬಾರ್ ಚಿಲ್ಲರೆ, ನೋಡಿ!

ಜೇಡಿಮಣ್ಣಲ್ಲಿ ಇಂಥ ಬಿಗಿ ನೀರು ಜಾಸ್ತಿ. ಬೆರಳಿಟ್ಟರೆ ತಂಪು, ಎಲೆ ಮಾತ್ರ ಜೋಲು. ಬೆಂಗಳೂರಿನ ನಮ್ಮ ಟೆರೇಸಿನಲ್ಲಿ ನಾನು ಕೆಂಪು ಮಣ್ಣಿಗೆ ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಬೆರೆಸುತ್ತೇನೆ. ಮಣ್ಣು ಪುಡಿಪುಡಿಯಾಗಿ, ಬೇರಿಗೆ ಸಿಗುವ ನೀರು ಹೆಚ್ಚುತ್ತದೆ.

ಅಂದಹಾಗೆ, ಮೊದಲು ಕುಂಡದ ತಳದ ತೂತು ನೋಡಿ. ಅದು ಕಟ್ಟಿಕೊಂಡಿದ್ದರೆ ಕಥೆಯೇ ಬೇರೆ: ಗಾಳಿಯಿಲ್ಲದೆ ಉಸಿರುಗಟ್ಟಿದ ಬೇರು ನೀರಿನ ಮಧ್ಯೆಯೇ ಬಾಯಾರುತ್ತದೆ.