ಜಪಾನಿನಲ್ಲಿ ಟೀಚರ್ ಆಗಿದ್ದಾಗ ಸಂಬಳದಲ್ಲಿ ಹಿಡಿದ ಪೆನ್ಷನ್ ದುಡ್ಡು ಊರಿಗೆ ಬಂದ ಮೇಲೆ ವಾಪಸ್ ಸಿಗುತ್ತದಾ?

ಸಿಗುತ್ತದೆ. ನಿಮ್ಮ ಹೆಂಡತಿ ನಾಗೋಯಾದಲ್ಲಿ 31 ತಿಂಗಳು ಇಂಗ್ಲಿಷ್ ಪಾಠ ಮಾಡಿದ್ದಾರೆ, ಮಂಡ್ಯಕ್ಕೆ ವಾಪಸ್ ಬಂದು 14 ತಿಂಗಳಾಯಿತು, ತಿಂಗಳು ತಿಂಗಳು ಪೆನ್ಷನ್ ಅಂತ ಹಿಡಿದ ದುಡ್ಡು ಹೋದ ಹಾಗೇನಾ ಅಂತ ಕೇಳಿದ್ದೀರಿ. ಹೋಗಿಲ್ಲ. ಆದರೆ ಜಪಾನಿನಲ್ಲಿ ವಿಳಾಸ ರದ್ದಾದ ದಿನದಿಂದ 2 ವರ್ಷದ ಒಳಗೆ ಅರ್ಜಿ ಹಾಕಬೇಕು. ನಿಮಗೆ ಇನ್ನು 10 ತಿಂಗಳಿದೆ. ಬೇಕಾದಷ್ಟು ಟೈಮ್ ಇದೆ ಅಂತ ಕೂರಬೇಡಿ. ನನ್ನ ಅರ್ಜಿ ಒಂದು ಸಲ ಅಲ್ಲಿಂದ ವಾಪಸ್ ಬಂದಿತ್ತು. ಅದರ ಕಥೆ ಕೆಳಗೆ ಹೇಳುತ್ತೇನೆ.

ನಾನು ಮೈಸೂರಿನವಳು. 2019ರ ಏಪ್ರಿಲ್‌ನಿಂದ 2022ರ ಆಗಸ್ಟ್‌ವರೆಗೆ ಟೋಕಿಯೋದಲ್ಲಿ ಗಣಿತ ಕಲಿಸುತ್ತಿದ್ದೆ. ಮನೆ ಇದ್ದದ್ದು ಎದೊಗಾವಾ ವಾರ್ಡಿನ ನಿಶಿ ಕಸಾಯ್‌ನಲ್ಲಿ. ಅಲ್ಲಿ ನಮ್ಮವರು ಎಷ್ಟು ಜನ ಇದ್ದಾರೆ ಅಂದರೆ, ತೊಗರಿಬೇಳೆಗೆ ಯಾವತ್ತೂ ತೊಂದರೆ ಆಗಲಿಲ್ಲ. ಸಂಬಳದ ಚೀಟಿಯಲ್ಲಿ ಮಾತ್ರ ಪ್ರತಿ ತಿಂಗಳು ‘ಕೋಸೆಯ್ ನೆನ್ಕಿನ್’ ಅಂತ ದೊಡ್ಡ ಮೊತ್ತ ಹೋಗುತ್ತಿತ್ತು. ನೆನ್ಕಿನ್ ಅಂದರೆ ಪೆನ್ಷನ್. ಕೋಸೆಯ್ ನೆನ್ಕಿನ್ ಅಂದರೆ ಕೆಲಸಗಾರರ ಪೆನ್ಷನ್, ನಮ್ಮ ಪಿಎಫ್ ಇದ್ದ ಹಾಗೆ. ಸಂಬಳದ 18.3% ಕಟ್ಟಬೇಕು. ಅರ್ಧ, ಅಂದರೆ 9.15%, ನಮ್ಮಿಂದ. ಉಳಿದರ್ಧ ಮಾಲೀಕರಿಂದ. ವಾಪಸ್ ಸಿಗುವುದು ಹೆಚ್ಚು ಕಡಿಮೆ ನಾವು ಕಟ್ಟಿದ ಅರ್ಧ ಮಾತ್ರ. ಮಾಲೀಕರ ಪಾಲಿನ ಆಸೆ ಇಟ್ಟುಕೊಳ್ಳಬೇಡಿ.

ಈ ವಾಪಸಾತಿಯ ಹೆಸರು ‘ದತ್ತಾಯ್ ಇಚಿಜಿಕಿನ್’. ಯಾರಿಗೆ ಸಿಗುತ್ತದೆ? ಜಪಾನಿನ ಪೌರತ್ವ ಇರಬಾರದು. ಕನಿಷ್ಠ 6 ತಿಂಗಳು ಕಟ್ಟಿರಬೇಕು. ಅಲ್ಲಿ ಈಗ ವಿಳಾಸ ಇರಬಾರದು. ಒಟ್ಟು 10 ವರ್ಷ ತುಂಬಿರಬಾರದು, ಯಾಕಂದರೆ 10 ವರ್ಷ ಆದವರಿಗೆ ವಯಸ್ಸಾದ ಮೇಲೆ ಪೆನ್ಷನ್ನೇ ಬರುತ್ತದೆ. ನಿಮ್ಮ ಮನೆಯವರಿಗೆ ಇದರಲ್ಲಿ ಯಾವ ಅಡ್ಡಿಯೂ ಕಾಣುವುದಿಲ್ಲ. ಒಂದು ಮಾತ್ರ ಕೇಳಿ ನೋಡಿ: ಹೊರಡುವ ಮುಂಚೆ ವಾರ್ಡ್ ಆಫೀಸಿಗೆ ಹೋಗಿ ‘ದೇಶ ಬಿಡುತ್ತಿದ್ದೇನೆ’ ಅಂತ ಬರೆದುಕೊಟ್ಟಿದ್ದಾರಾ? ಕೊಟ್ಟಿದ್ದರೆ ಪೆನ್ಷನ್ ಆಫೀಸಿನವರು ಅದನ್ನು ತಾವೇ ನೋಡಿಕೊಳ್ಳುತ್ತಾರೆ. ಕೊಡದೆ ಸುಮ್ನೆ ವಿಮಾನ ಹತ್ತಿದ್ದರೆ, ಜಪಾನ್ ಬಿಟ್ಟಿದ್ದಕ್ಕೆ ಪಾಸ್‌ಪೋರ್ಟಿನ ಸೀಲ್ ತೋರಿಸಬೇಕಾಗುತ್ತದೆ. ಏರ್‌ಪೋರ್ಟಿನ ಆಟೋಮ್ಯಾಟಿಕ್ ಗೇಟಿನಲ್ಲಿ ಬಂದವರಿಗೆ ಆ ಸೀಲೂ ಬಿದ್ದಿರುವುದಿಲ್ಲ.

ಇನ್ನೊಂದು ವಿಷಯ. ನಿಮ್ಮ ಮನೆಯವರು ಇದ್ದದ್ದು ಖಾಸಗಿ ಶಾಲೆ ಅಂದರೆ ಆರೋಗ್ಯ ವಿಮೆಯ ಹಳೆಯ ದಾಖಲೆ ತೆಗೆದು ನೋಡಿ. ಅಲ್ಲಿನ ಹಲವು ಖಾಸಗಿ ಶಾಲೆಗಳ ಟೀಚರ್‌ಗಳು ‘ಶಿಗಾಕು ಕ್ಯೋಸಾಯ್’ ಅನ್ನುವ ಬೇರೆ ನಿಧಿಯಲ್ಲಿರುತ್ತಾರೆ. ಹಾಗಿದ್ದರೆ ಅರ್ಜಿ ಹೋಗಬೇಕಾದ್ದು ಆ ನಿಧಿಯವರ ಹತ್ತಿರ. ಏಜೆನ್ಸಿ ಮೂಲಕವೋ ಇಂಗ್ಲಿಷ್ ಮಾತಾಡಿಸುವ ಕ್ಲಾಸಿನಲ್ಲೋ ಕೆಲಸ ಮಾಡಿದ್ದರೆ ಸಾಮಾನ್ಯವಾಗಿ ಕೋಸೆಯ್ ನೆನ್ಕಿನ್ ಇರುತ್ತದೆ. ಕಡಿಮೆ ಗಂಟೆಯ ಕೆಲಸವಾಗಿದ್ದರೆ ತಾವೇ ಕಟ್ಟುವ ‘ಕೊಕುಮಿನ್ ನೆನ್ಕಿನ್’ ಇದ್ದಿರಬಹುದು. ಅದರ ಲೆಕ್ಕ ಬೇರೆ. ನೀವು ಸಂಬಳದಲ್ಲೇ ಹಿಡಿಯುತ್ತಿದ್ದರು ಅಂದಿದ್ದರಿಂದ ಕೋಸೆಯ್ ಅಂತ ಅಂದುಕೊಂಡೇ ಮುಂದಕ್ಕೆ ಬರೆಯುತ್ತೇನೆ.

ಎಷ್ಟು ಸಿಗುತ್ತದೆ? ಪೂರ್ತಿ ಅವಧಿಯ ಸರಾಸರಿ ತಿಂಗಳ ಸಂಬಳವನ್ನು (ಬೋನಸ್ಸೂ ಸೇರಿ) ಒಂದು ಅಂಕಿಯಿಂದ ಗುಣಿಸುತ್ತಾರೆ. 12 ತಿಂಗಳಿಗೆ ಅದು 1.1, 24ಕ್ಕೆ 2.2, 30ಕ್ಕೆ 2.7, 36ಕ್ಕೆ 3.3. ಹೀಗೆ 60 ತಿಂಗಳಿಗೆ 5.5. ಅಲ್ಲಿಗೆ ನಿಲ್ಲುತ್ತದೆ. ಮೊದಲು 36 ತಿಂಗಳಿಗೇ ನಿಲ್ಲುತ್ತಿತ್ತು, 2021ರ ಏಪ್ರಿಲ್‌ನಿಂದ 60 ಮಾಡಿದರು. ಮೆಟ್ಟಿಲು 6 ತಿಂಗಳಿಗೊಂದು. ನಡುವಿನ ತಿಂಗಳುಗಳಿಗೆ ಕಾಸಿಲ್ಲ.

ಇಲ್ಲೇ ನಾನು ಬಿದ್ದದ್ದು. ನನ್ನದು 41 ತಿಂಗಳು. ಸರಾಸರಿ 2,60,000 ಯೆನ್ ಅಂತ ಲೆಕ್ಕ ಬಂತು. 41 ಅಂದರೆ 36ರ ಮೆಟ್ಟಿಲು, 3.3ರಿಂದ ಗುಣಿಸಿದರೆ 8,58,000 ಯೆನ್. ಇನ್ನೊಂದೇ ಒಂದು ತಿಂಗಳು ಇದ್ದಿದ್ದರೆ 42ರ ಮೆಟ್ಟಿಲು, 3.8ರ ಲೆಕ್ಕದಲ್ಲಿ 9,88,000 ಆಗುತ್ತಿತ್ತು. 1,30,000 ಯೆನ್! ಗಣಿತದ ಟೀಚರ್ ಅಂತ ಬೇರೆ ಹೇಳಿಕೊಳ್ಳುತ್ತೇನೆ. ನನ್ನ ತಂಗಿ ಈಗಲೂ ಇದನ್ನು ಎತ್ತಿ ಆಡುತ್ತಾಳೆ. ಅಲ್ಲಿ ಇನ್ನೂ ಕೆಲಸದಲ್ಲಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ರಾಜೀನಾಮೆ ಬರೆಯುವ ಮುಂಚೆ ತಿಂಗಳು ಎಣಿಸಿ. ಕೊನೆ ದಿನವನ್ನೂ ನೋಡಿಕೊಳ್ಳಿ. 31 ದಿನದ ತಿಂಗಳಾದರೆ, 31ನೇ ತಾರೀಕಿಗೆ ಬಿಟ್ಟರೆ ಆ ತಿಂಗಳು ಲೆಕ್ಕಕ್ಕೆ ಬರುತ್ತದೆ. 30ಕ್ಕೇ ಬಿಟ್ಟರೆ ಬರುವುದಿಲ್ಲ.

ನಿಮ್ಮ ಮನೆಯವರದ್ದು 31 ತಿಂಗಳು, ಹಾಗಾಗಿ 2.7. ಸರಾಸರಿ 2,40,000 ಇದ್ದರೆ 6,48,000 ಯೆನ್. ಅದರಲ್ಲಿ 20.42% ತೆರಿಗೆ ಹಿಡಿದು ಉಳಿದದ್ದನ್ನು ಕಳಿಸುತ್ತಾರೆ. ಆ ತೆರಿಗೆಯನ್ನೂ ವಾಪಸ್ ತೆಗೆದುಕೊಳ್ಳಬಹುದು, ಆಮೇಲೆ ಹೇಳುತ್ತೇನೆ.

ಅರ್ಜಿ ಕಷ್ಟ ಇಲ್ಲ. ಜಪಾನ್ ಪೆನ್ಷನ್ ಸರ್ವಿಸ್‌ನ ವೆಬ್‌ಸೈಟಿನಲ್ಲಿ ಇಂಗ್ಲಿಷ್ ಜೊತೆಗಿರುವ ಫಾರಂ ಇದೆ. ಪ್ರಿಂಟ್ ತೆಗೆದು, ತುಂಬಿ, ಸಹಿ ಮಾಡಿ. ಪಾಸ್‌ಪೋರ್ಟಿನ ಜೆರಾಕ್ಸ್, ಪೆನ್ಷನ್ ನಂಬರ್ ಇರುವ ದಾಖಲೆ, ಬ್ಯಾಂಕ್ ಖಾತೆಯ ಪುರಾವೆ ಜೊತೆಗಿಟ್ಟು ಟೋಕಿಯೋದ ಸುಗಿನಾಮಿಯಲ್ಲಿರುವ ಅವರ ಮುಖ್ಯ ಕಚೇರಿಗೆ ಪೋಸ್ಟ್ ಮಾಡಬೇಕು. ನೋಟರಿ ಬೇಡ. ಏಜೆಂಟೂ ಬೇಡ. ‘ನಾವೇ ಎಲ್ಲ ಮಾಡಿಸಿಕೊಡ್ತೀವಿ’ ಅಂತ ಮೆಸೇಜ್ ಮಾಡುವವರು ಬಂದ ದುಡ್ಡಿನಲ್ಲಿ ಪಾಲು ಕೇಳುತ್ತಾರೆ. ಈ ಕೆಲಸಕ್ಕೆ ಅಷ್ಟು ಕೊಡುವುದು ದಂಡ.

ಕಷ್ಟ ಇರುವುದು ನಮ್ಮ ಕಡೆಯ ಹೆಸರಿನಲ್ಲಿ. ಹೆಸರು ಲಕ್ಷ್ಮಿ, ಊರು ಮದ್ದೂರು, ಅಪ್ಪ ನಂಜೇಗೌಡರು ಅಂತ ಇಟ್ಟುಕೊಳ್ಳಿ. ಮಾರ್ಕ್ಸ್ ಕಾರ್ಡಿನಲ್ಲಿ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ‘ಎಂ. ಎನ್. ಲಕ್ಷ್ಮಿ’. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ‘ಲಕ್ಷ್ಮಿ ಮದ್ದೂರು ನಂಜೇಗೌಡ’. ಜಪಾನಿನವರು ಪಾಸ್‌ಪೋರ್ಟ್ ನೋಡಿಯೇ ಎಲ್ಲ ದಾಖಲೆ ಮಾಡಿರುತ್ತಾರೆ. ಅದರ ಮೇಲೆ ತಮ್ಮ ಲಿಪಿಯಲ್ಲಿ ಬರೆದುಕೊಳ್ಳುವಾಗ ‘ಲ’ಕಾರ ಇಲ್ಲದೆ ‘ರಕುಶುಮಿ’ ಆಗಿರುತ್ತದೆ. ನನ್ನ ವಿಷಯದಲ್ಲಿ ಆದದ್ದೂ ಇದೇ. ಅರ್ಜಿಯಲ್ಲಿ ಪಾಸ್‌ಪೋರ್ಟ್ ಹೆಸರು, ಪಾಸ್‌ಬುಕ್ಕಿನಲ್ಲಿ ಇನಿಷಿಯಲ್ ಹೆಸರು. ಇವರಿಬ್ಬರೂ ಒಬ್ಬರೇ ಅಂತ ಸುಗಿನಾಮಿಯಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು? ನಮ್ಮೂರಲ್ಲಾದರೆ ‘ಅಪ್ಪನ ಹೆಸರು, ಊರಿನ ಹೆಸರು’ ಅಂತ ಒಂದು ಮಾತಿನಲ್ಲಿ ಮುಗಿಯುತ್ತದೆ. ಅವರು ಇಡೀ ಕಟ್ಟನ್ನು ಒಂದು ಚೀಟಿ ಸಮೇತ ವಾಪಸ್ ಕಳಿಸಿದರು. ಹೋಗಿ ಬರುವುದರಲ್ಲೇ ಎರಡು ತಿಂಗಳು ಕಳೆಯಿತು.

ಸರಸ್ವತಿಪುರಂನಲ್ಲಿ ನನ್ನ ಖಾತೆ ಇದ್ದ ಬ್ಯಾಂಕಿಗೆ ನಾಲ್ಕು ಸಲ ಅಲೆದೆ. ಫಾರಂನಲ್ಲಿ ಬ್ಯಾಂಕಿನವರು ಸೀಲ್ ಹಾಕುವ ಜಾಗ ಇದೆ. ಜಪಾನಿ ಅಕ್ಷರ ನೋಡಿದ ತಕ್ಷಣ ಮ್ಯಾನೇಜರ್ ಕೈ ಹಿಂದಕ್ಕೆ ತೆಗೆದುಕೊಂಡರು. ‘ಏನಂತ ಸೀಲ್ ಹಾಕಲಿ ಮೇಡಂ, ನಾಳೆ ಆಡಿಟ್‌ನಲ್ಲಿ ಕೇಳಿದರೆ?’ ಅವರನ್ನೂ ತಪ್ಪು ಅನ್ನುವ ಹಾಗಿಲ್ಲ. ಕೊನೆಗೆ ದಾರಿ ಸಿಕ್ಕಿದ್ದು ಹೀಗೆ. ಮೊದಲು ಪಾಸ್‌ಪೋರ್ಟ್ ಕೊಟ್ಟು ಕೆವೈಸಿ ಮಾಡಿಸಿ, ಖಾತೆಯ ಹೆಸರನ್ನೇ ಪಾಸ್‌ಪೋರ್ಟಿನಲ್ಲಿರುವ ಹಾಗೆ ಬದಲಾಯಿಸಿದೆ. ಆಮೇಲೆ ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ಇಂಗ್ಲಿಷಿನಲ್ಲಿ ಒಂದು ಪತ್ರ ತೆಗೆದುಕೊಂಡೆ: ಖಾತೆದಾರರ ಪೂರ್ತಿ ಹೆಸರು, ಖಾತೆ ನಂಬರ್, ಬ್ರಾಂಚಿನ ಹೆಸರು, ವಿಳಾಸ, ಸ್ವಿಫ್ಟ್ ಕೋಡ್ (ಹೊರದೇಶದ ದುಡ್ಡು ಬರಲು ಬೇಕಾದ ಬ್ಯಾಂಕಿನ ಗುರುತು). ಇಂಗ್ಲಿಷ್ ಪತ್ರಕ್ಕೆ ಸೀಲ್ ಹಾಕಲು ಅವರಿಗೆ ಯಾವ ತಕರಾರೂ ಇರಲಿಲ್ಲ. ನೀವು ಮೊದಲ ದಿನವೇ ಇದನ್ನು ಮಾಡಿಸಿ. ಖಾತೆ ಅವರೊಬ್ಬರ ಹೆಸರಿನಲ್ಲೇ ಇರಲಿ. ನಿಮ್ಮ ಖಾತೆಗೆ ಹಾಕಿಸಿಕೊಳ್ಳುವ ಯೋಚನೆ ಬೇಡ. ಮದುವೆ ಆದ ಮೇಲೆ ಅವರ ಹೆಸರು ಎಲ್ಲಾದರೂ ಬದಲಾಗಿದ್ದರೆ ಅದನ್ನೂ ಈಗಲೇ ನೋಡಿ.

ಎರಡನೇ ಸಲ ಹೆಡ್ ಪೋಸ್ಟ್ ಆಫೀಸಿನಿಂದ ಇಂಟರ್‌ನ್ಯಾಷನಲ್ ಸ್ಪೀಡ್ ಪೋಸ್ಟ್ ಮಾಡಿದೆ. ನಾಲ್ಕು ತಿಂಗಳ ಮೇಲೆ ದುಡ್ಡು ಬಂತು. ಬರುವ ದಿನ ಬ್ಯಾಂಕಿನಿಂದ ಫೋನ್ ಬಂದು ‘ಇದು ಯಾವ ಬಾಬ್ತು’ ಅಂತ ಕೇಳುತ್ತಾರೆ, ಗಾಬರಿ ಬೇಡ. ಹೊರದೇಶದ ದುಡ್ಡಿಗೆ ಕಾರಣ ಬರೆದುಕೊಳ್ಳಲೇಬೇಕು. ಆಡಿಟರಿಗೂ ಒಂದು ಮಾತು ಹೇಳಿಡಿ. ಆಮೇಲೆ ಜಪಾನಿನಿಂದ ಪೋಸ್ಟಿನಲ್ಲಿ ಒಂದು ನೋಟೀಸ್ ಬರುತ್ತದೆ: ಮೊತ್ತ ಎಷ್ಟು, ತೆರಿಗೆ ಎಷ್ಟು ಅಂತ. ಆ ಹಾಳೆಯನ್ನು ಜೋಪಾನವಾಗಿ ಎತ್ತಿಡಿ.

ಯಾಕಂದರೆ ತೆರಿಗೆ ವಾಪಸ್ ಪಡೆಯಲು ಆ ಹಾಳೆಯೇ ಬೇಕು. ನನಗೆ ಹಿಡಿದದ್ದು 1,75,203 ಯೆನ್. ಆಗಿನ ರೇಟಿನಲ್ಲಿ ಯೆನ್ನಿಗೆ 60 ಪೈಸೆ ಅಂದುಕೊಂಡರೂ ಒಂದು ಲಕ್ಷ ರೂಪಾಯಿ ದಾಟುತ್ತದೆ. ಈ ದುಡ್ಡನ್ನು ಜಪಾನಿನ ಕಾನೂನು ನಿವೃತ್ತಿಯ ಹಣದ ಹಾಗೆ ನೋಡಲು ಬಿಡುತ್ತದೆ. ಕೆಲಸ ಮಾಡಿದ ಒಂದೊಂದು ವರ್ಷಕ್ಕೆ 4,00,000 ಯೆನ್ ವಿನಾಯಿತಿ. ಮುರಿದ ವರ್ಷವನ್ನೂ ಪೂರ್ತಿ ಅಂತ ಹಿಡಿಯುತ್ತಾರೆ. ನನ್ನದು 4 ವರ್ಷದ ಲೆಕ್ಕ, 16,00,000. ಬಂದದ್ದು 8,58,000. ಹಾಗಾಗಿ ತೆರಿಗೆಯೇ ಇಲ್ಲ, ಪೂರ್ತಿ ವಾಪಸ್. ನಿಮ್ಮ ಮನೆಯವರಿಗೂ 3 ವರ್ಷದ ಲೆಕ್ಕದಲ್ಲಿ ಪೂರ್ತಿ ಬರಬೇಕು.

ಆದರೆ ಇದನ್ನು ಇಲ್ಲಿ ಕೂತು ನೇರವಾಗಿ ಮಾಡಲು ಆಗುವುದಿಲ್ಲ. ಜಪಾನಿನಲ್ಲಿ ವಾಸವಿರುವ ಒಬ್ಬರನ್ನು ‘ನೋಝೆಯ್ ಕಾನ್ರಿನಿನ್’, ಅಂದರೆ ನಮ್ಮ ಪರವಾಗಿ ತೆರಿಗೆ ನೋಡಿಕೊಳ್ಳುವವರು, ಅಂತ ನೇಮಿಸಬೇಕು. ಕೊನೆಗೆ ಇದ್ದ ಮನೆ ಯಾವ ತೆರಿಗೆ ಕಚೇರಿಗೆ ಸೇರುತ್ತದೋ ಅಲ್ಲೇ ಅರ್ಜಿ. ಹೊರಡುವ ಮುಂಚೆ ನೇಮಿಸಿದ್ದರೆ ಸಲೀಸು, ಬಂದ ಮೇಲೂ ಮಾಡಬಹುದು. ವಕೀಲರೇ ಆಗಬೇಕು ಅಂತಿಲ್ಲ, ನಂಬಿಕೆಯ ಸ್ನೇಹಿತರಾದರೆ ಸಾಕು. ನನಗೆ ಪಕ್ಕದ ಕ್ಲಾಸಿನ ವಿಜ್ಞಾನದ ಟೀಚರ್ ಮಾಡಿಕೊಟ್ಟರು. ದುಡ್ಡು ಅವರ ಖಾತೆಗೆ ಬಂತು, ಅವರು ನನಗೆ ಕಳಿಸಿದರು. ಇದಕ್ಕೆ 5 ವರ್ಷ ಟೈಮ್ ಇದೆ. ಮೊದಲು ಪೆನ್ಷನ್ ಅರ್ಜಿ ಮುಗಿಸಿ.

ತೆಗೆದುಕೊಳ್ಳುವುದು ಒಳ್ಳೆಯದಾ ಅಂತ ಕೊನೆಯಲ್ಲಿ ಕೇಳಿದ್ದೀರಿ. ಒಮ್ಮೆ ತೆಗೆದುಕೊಂಡರೆ ಆ 31 ತಿಂಗಳು ಅಳಿಸಿ ಹೋಗುತ್ತವೆ. ಭಾರತ ಮತ್ತು ಜಪಾನ್ ನಡುವೆ 2016ರ ಅಕ್ಟೋಬರ್ 1ರಿಂದ ಒಂದು ಒಪ್ಪಂದ ಜಾರಿಯಲ್ಲಿದೆ. ಎರಡೂ ಕಡೆ ಕಟ್ಟಿದ ವರ್ಷಗಳನ್ನು ಕೂಡಿಸಿ ಪೆನ್ಷನ್ನಿನ ಅರ್ಹತೆ ನೋಡಬಹುದು. ಏಳೆಂಟು ವರ್ಷ ಅಲ್ಲಿದ್ದವರು, ಮತ್ತೆ ಹೋಗುವವರು ಆತುರ ಪಡಬಾರದು. ಎರಡೂವರೆ ವರ್ಷ ಇದ್ದು, ಮಂಡ್ಯದಲ್ಲೇ ನೆಲೆಸುವವರು ತೆಗೆದುಕೊಳ್ಳುವುದೇ ಸರಿ ಅಂತ ನನ್ನ ಅಭಿಪ್ರಾಯ. 65 ವರ್ಷಕ್ಕೆ ಬರುವ ಸಣ್ಣ ಮೊತ್ತಕ್ಕಿಂತ ಈಗಿನ ಈ ಮೊತ್ತ ಜಾಸ್ತಿ ಉಪಯೋಗಕ್ಕೆ ಬರುತ್ತದೆ, ಅಲ್ವಾ?

ಜಪಾನಿನವರು ಬಹಳ ಸತಾಯಿಸುತ್ತಾರೆ ಅಂದುಕೊಳ್ಳಬೇಡಿ. ಒಪ್ಪಂದ ಇಲ್ಲದ ದೇಶಗಳಿಂದ ಬಂದು ಇಲ್ಲಿ ಪಾಠ ಮಾಡುವ ಟೀಚರ್‌ಗಳಿಗೆ ನಾವು ಮಾಡಿದ್ದ ನಿಯಮ ಏನು ಗೊತ್ತಾ? ಪೂರ್ತಿ ಸಂಬಳದ ಮೇಲೆ ಪಿಎಫ್ ಕಟ್ಟಬೇಕು, ಸಾಮಾನ್ಯವಾಗಿ 58 ವರ್ಷ ಆಗುವ ತನಕ ಮುಟ್ಟುವಂತಿಲ್ಲ. 2024ರ ಏಪ್ರಿಲ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟೇ ಆ ನಿಯಮ ಸಂವಿಧಾನಕ್ಕೆ ವಿರುದ್ಧ ಅಂತ ಹೇಳಿತು. ಅರ್ಜಿ ಹಾಕಿದವರಲ್ಲಿ ಬೆಂಗಳೂರಿನ ಒಂದು ಶಿಕ್ಷಣ ಸಂಸ್ಥೆಯೂ ಇತ್ತು.

ಈಗ ನೀವು ಮೊದಲು ಹುಡುಕಬೇಕಾದ್ದು ಪೆನ್ಷನ್ ನಂಬರ್. 10 ಅಂಕಿ ಇರುತ್ತದೆ. ಅವರು ಕೆಲಸಕ್ಕೆ ಸೇರಿದ್ದು 2022ರ ಏಪ್ರಿಲ್‌ಗಿಂತ ಮುಂಚೆ ಆದರೆ ನೀಲಿ ಬಣ್ಣದ ಸಣ್ಣ ಪುಸ್ತಕ, ಆಮೇಲೆ ಆದರೆ ಬರೀ ಒಂದು ನೋಟೀಸ್ ಹಾಳೆ. ನನ್ನ ನೀಲಿ ಪುಸ್ತಕ ಅಮ್ಮನ ಬೀರುವಿನಲ್ಲಿ ಮೈಸೂರು ಸಿಲ್ಕ್ ಸೀರೆಯ ಕೆಳಗೆ, ಎಲ್‌ಐಸಿ ಬಾಂಡ್‌ಗಳ ಜೊತೆ ಸಿಕ್ಕಿತು. ಸಿಗದೇ ಹೋದರೂ ದಾರಿ ಇದೆ. ಫಾರಂನಲ್ಲಿ ಎಲ್ಲೆಲ್ಲಿ ಕೆಲಸ ಮಾಡಿದಿರಿ, ಯಾವಾಗಿನಿಂದ ಯಾವಾಗಿನವರೆಗೆ, ಆಗಿನ ವಿಳಾಸ ಯಾವುದು ಅಂತ ಬರೆಯುವ ಜಾಗ ಇದೆ. ಹಳೆಯ ಸಂಬಳದ ಚೀಟಿಗಳನ್ನು ಎದುರಿಗೆ ಇಟ್ಟುಕೊಂಡು ಅದನ್ನು ತುಂಬಿಸಿ.